ದನ ಯಾವ ಕಡೆ ಹೋಯ್ತು?

ನಮ್ಮ ಕಡೆ ಸುಮ್ಮನೆ ಯಾರೂ ಓಡುವುದಿಲ್ಲ. ಬಸ್ಸು ಹೊರಟರೆ ಓಡುತ್ತಾರೆ. ಅಂಗಳದಲ್ಲಿ ಅಡಿಕೆ ಹರವಿದ್ದಾಗ ನಾಲ್ಕು ಹನಿ ಬಿದ್ದರೆ ಮನೆಮಂದಿಯೆಲ್ಲ ಓಡುತ್ತಾರೆ. ಒಲೆ ಮೇಲೆ ಹಾಲಿಟ್ಟಿದ್ದು ನೆನಪಾದರೆ ಓಡುತ್ತಾರೆ. ಮದುವೆಗೆ ಮನೆಯಲ್ಲಿ ಒಪ್ಪದಿದ್ದರೆ ಓಡಿಹೋಗುತ್ತಾರೆ, ಅದು ಬೇರೆ ವಿಷಯ. ಹಿಂದೆ ನಾಯಿಯಿಲ್ಲದೆ, ಮುಂದೆ ಬಸ್ಸಿಲ್ಲದೆ, ಬೆಳಗಿನ ಐದೂವರೆಗೆ ಒಬ್ಬ ಹೆಂಗಸು ಓಡುತ್ತಿದ್ದರೆ ನೋಡಿದವರಿಗೆ ಗಾಬರಿಯಾಗುವುದು ಸಹಜ ಅಲ್ವಾ?

44ನೇ ವಯಸ್ಸಿನಲ್ಲಿ ನಾನು ಹಾಗೆ ಓಡಲು ಶುರು ಮಾಡಿದೆ. ಅಲ್ಲಿಯವರೆಗೆ ನನ್ನದು ಕೌಂಟರಿನ ಹಿಂದೆ ಕೂರುವ ಕೆಲಸ, ಮನೆಗೆ ಬಂದರೆ ಸೋಫಾ. ಒಂದು ದಿನ ಆಫೀಸಿನ ಲಿಫ್ಟ್ ಕೆಟ್ಟಿತ್ತು. ಎರಡು ಮಹಡಿ ಹತ್ತಿ ಹೋಗಿ ಕೂತೆ. ಎದುರಿಗಿದ್ದವರು ಏನೋ ಕೇಳಿದರು. ಉತ್ತರ ಗೊತ್ತಿತ್ತು, ಬಾಯಿಂದ ಗಾಳಿ ಮಾತ್ರ ಬಂತು. ಪಾಪ, ಅವರೇ ಎದ್ದು ಹೋಗಿ ನೀರು ತಂದುಕೊಟ್ಟರು.

ಮೈಸೂರಿನಲ್ಲಿ ಓದುವ ಮಗಳಿಗೆ ಇದನ್ನು ತಮಾಷೆಯಾಗಿ ಹೇಳಿದ್ದೇ ತಪ್ಪಾಯಿತು. ರಾತ್ರಿಯೇ ಫೋನಿಗೆ ಒಂದು ಪಟ್ಟಿ ಬಂತು. ಅಮೆರಿಕದ ಜೋಶ್ ಕ್ಲಾರ್ಕ್ ಎಂಬುವವರು 1996ರಲ್ಲಿ ತಮ್ಮ ಅಮ್ಮನನ್ನು ಸೋಫಾದಿಂದ ಎಬ್ಬಿಸಲು ಮಾಡಿದ್ದಂತೆ. ವಾರಕ್ಕೆ 3 ದಿನ, ಒಟ್ಟು 9 ವಾರ. ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ. ಮುಂದೆ ಓಟ ಹೆಚ್ಚುತ್ತಾ ನಡಿಗೆ ಕಡಿಮೆಯಾಗುತ್ತಾ ಕೊನೆಗೆ 5 ಕಿಲೋಮೀಟರ್. ಮಕ್ಕಳು ಅಮ್ಮಂದಿರನ್ನು ಓಡಿಸುವುದು ಎಲ್ಲಾ ದೇಶದಲ್ಲೂ ಇದೆ ಅಂತ ಆವತ್ತು ಗೊತ್ತಾಯಿತು.

60 ಸೆಕೆಂಡ್ ಏನು ಮಹಾ, ಒಗ್ಗರಣೆಗೆ ಎಣ್ಣೆ ಕಾಯುವಷ್ಟು ಹೊತ್ತು ಅಂದುಕೊಂಡೆ. ಶಿವಮೊಗ್ಗದ ತುಂಗಾ ಚಾನಲ್ ಏರಿಯ ಮೇಲೆ ನಿಂತು ಶುರು ಮಾಡಿದೆ. ಮೂವತ್ತಕ್ಕೇ ಪಕ್ಕೆ ಹಿಡಿಯಿತು. ಚಾನಲ್ ನೀರು ನನಗಿಂತ ಬೇಗ ಹೋಗುತ್ತಿತ್ತು. ಆಗಸ್ಟ್ ತಿಂಗಳು ಬೇರೆ, ಮಳೆ ಬಿಡುತ್ತಿರಲಿಲ್ಲ.

ನಿಧಾನಕ್ಕೆ ಓಡಬೇಕು, ಓಡುತ್ತಲೇ ಮಾತಾಡಲು ಆಗಬೇಕು, ಮಾತು ಕಡಿದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಇದು ಮಗಳ ಪಾಠ. ಮಾತಾಡಲು ಜೊತೆಗೆ ಯಾರಿದ್ದಾರೆ? ನಾನು ಮಗ್ಗಿ ಹಿಡಿದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಮೊದಲ ವಾರ ಎರಡರ ಮಗ್ಗಿಯೂ ಪೂರ್ತಿ ಆಗಲಿಲ್ಲ. ಐದನೇ ವಾರಕ್ಕೆ ಒಂಬತ್ತರವರೆಗೆ ಬಂದೆ. ಕಿಲೋಮೀಟರ್ ಲೆಕ್ಕ ನನಗೆ ತಲೆಗೆ ಹತ್ತುವುದಿಲ್ಲ, ಇವತ್ತಿಗೂ ಎಷ್ಟು ಓಡಿದೆ ಅಂದರೆ ಎಷ್ಟರ ಮಗ್ಗಿವರೆಗೆ ಅಂತಲೇ ಹೇಳುತ್ತೇನೆ.

ಗಣೇಶ ಹಬ್ಬಕ್ಕೆ ತೀರ್ಥಹಳ್ಳಿ ಕಡೆಯ ತವರಿಗೆ ಹೋದೆ. ಪಟ್ಟಿ ತಪ್ಪಿಸಬಾರದು ಅಂತ ಬೆಳಿಗ್ಗೆ ಶೂ ಹಾಕಿ ಹೊರಟೆ. ನಮ್ಮೂರಲ್ಲಿ ನೂರು ಮಾರು ಸಮತಟ್ಟಾದ ರಸ್ತೆ ಇಲ್ಲ. ಒಂದೋ ಏರು, ಇಲ್ಲಾ ಇಳಿಜಾರು. ಇಳಿಜಾರಿನಲ್ಲಿ ನಾನು ಸ್ವಲ್ಪ ಜೋರಾಗಿಯೇ ಬರುತ್ತಿದ್ದೆ. ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತಿದ್ದ ಪಕ್ಕದ ಮನೆ ಅಣ್ಣಯ್ಯ ತಲೆಯೆತ್ತಿ, "ದನ ಯಾವ ಕಡೆ ಹೋಯ್ತೇ?" ಅಂತ ಕೂಗಿದ. ನಿಲ್ಲಲು ಇಳಿಜಾರು ಬಿಡುತ್ತಿಲ್ಲ, ಉತ್ತರ ಹೇಳಲು ಉಸಿರಿಲ್ಲ. ಸುಮ್ಮನೆ ಕೈ ಮುಂದೆ ಮಾಡಿದೆ. ಅವನು ಹಾಳೆ ಬಿಸಾಕಿ ಅಡ್ಡದಾರಿಯಲ್ಲಿ ಓಡಿದ. ನಾನು ಕೆಳಗೆ ತಲುಪುವಷ್ಟರಲ್ಲಿ ಬೇಲಿ ಬಾಗಿಲಿನ ಉಣಗೋಲು ಎಳೆದು, ಎರಡೂ ಕೈ ಅಗಲಿಸಿ, ದನಕ್ಕೆ ಅಡ್ಡ ನಿಂತಿದ್ದ. 50 ದಾಟಿದ ಆಸಾಮಿ, ಕಾಲಲ್ಲಿ ಹವಾಯಿ ಚಪ್ಪಲಿ, ಏದುಸಿರೂ ಇಲ್ಲ. ದನ ಇಲ್ಲ, ಸುಮ್ನೆ ಓಡ್ತಿದೀನಿ ಅಂದೆ. "ಸುಮ್ನೆ ಎಂತಕ್ಕೆ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಬಹಳ ಹೊತ್ತು ನನ್ನ ಶೂ ನೋಡಿದ. ಮನೆಗೆ ಬಂದು ಕಾಲುಚೀಲ ಬಿಚ್ಚಿದರೆ ರಕ್ತ ಹೀರುತ್ತಾ ಎರಡು ಉಂಬಳ.

ಆ ಶೂವನ್ನು ಅಮ್ಮ ಪ್ರೀತಿಯಿಂದ ಬಚ್ಚಲೊಲೆಯ ಪಕ್ಕ ಒಣಗಲು ಇಟ್ಟರು. ಬೆಳಿಗ್ಗೆ ಹೊತ್ತಿಗೆ ಅಂಟು ಬಿಟ್ಟು, ಎರಡೂ ಶೂ ಮೊಸಳೆ ಹಾಗೆ ಬಾಯಿ ತೆರೆದಿದ್ದವು. ಶೂ ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ ಗಾಳಿಗಿಡಬೇಕು. ಹೊಸ ಜೋಡಿಗೆ ದುಡ್ಡು ಕೊಟ್ಟ ಮೇಲೆ ಕಲಿತ ವಿದ್ಯೆ ಇದು.

ಶಿವಮೊಗ್ಗದಲ್ಲಿ ನಮ್ಮ ಎದುರುಮನೆ ಅಜ್ಜಿ ನನ್ನ ಕಾರಣ ಹುಡುಕುವುದರಲ್ಲೇ ಇದ್ದರು. ಮೊದಲು ಸಕ್ಕರೆ ಕಾಯಿಲೆ ಅಂದುಕೊಂಡರು. ಆಮೇಲೆ ಮನೆಯಲ್ಲಿ ಜಗಳ ಇರಬಹುದು ಅಂತ ನಮ್ಮೆಜಮಾನರನ್ನೇ ವಿಚಾರಿಸಿದರು. ಒಂದು ದಿನ ಅವರ ಗೇಟಿನ ಮುಂದೆ ನಾನು ಪಿಟಿಪಿಟಿ ಬಾಯಾಡಿಸುತ್ತಾ ಹೋಗುವುದು ಕಂಡಿತು. "ಗೊತ್ತಾಯ್ತು ಬಿಡಮ್ಮ, ಹರಕೆ. ಮಗಳ ಮದುವೆಗಾ?" ಅಂದರು. ಉರುಳುಸೇವೆ ಮಾಡುವವರಿದ್ದಾರೆ, ಓಟದ ಸೇವೆಯೂ ಇರಬಹುದು. ನಾನು ಅಲ್ಲ ಅನ್ನಲಿಲ್ಲ. ಆವತ್ತಿಂದ ನೆಮ್ಮದಿ. ಬೀದಿಯಲ್ಲಿ ಯಾರೂ ಮತ್ತೆ ಕೇಳಲಿಲ್ಲ.

ನವೆಂಬರಿನಲ್ಲಿ ಊರಲ್ಲೇ ಒಂದು ಓಟದ ಸ್ಪರ್ಧೆ ಬಂತು. 5 ಕಿಲೋಮೀಟರಿಗೆ ಮಗಳೇ ಹೆಸರು ಕೊಟ್ಟಳು. ಹಿಂದಿನ ದಿನ ಟೀ ಶರ್ಟು, ನಾಲ್ಕು ಪಿನ್ನು, ಎದೆಗೆ ಹಚ್ಚುವ ನಂಬರ್ ಚೀಟಿ ಸಿಕ್ಕಿತು. ಚೀಟಿಯ ಹಿಂದೆ ತೆಳ್ಳಗೆ ಒಂದು ಪಟ್ಟಿ. ಅದೇ ಚಿಪ್ಪಂತೆ, ಗೆರೆ ದಾಟಿದಾಗ ಸಮಯ ತಾನೇ ದಾಖಲಾಗುತ್ತದಂತೆ. ಚೀಟಿ ನನಗೆ ತೀರಾ ದೊಡ್ಡದು ಅನ್ನಿಸಿತು. ಇಷ್ಟಗಲ ನಂಬರ್ ಹಚ್ಚಿಕೊಂಡು ಪರಿಚಯದವರ ಮುಂದೆ ಹೇಗೆ ಹೋಗುವುದು? ಎರಡೂ ಕಡೆ ನೀಟಾಗಿ ಮಡಿಸಿ, ಉಗುರಲ್ಲಿ ಗೀರಿ, ಇಸ್ತ್ರಿ ಮಾಡಿದ ಕರವಸ್ತ್ರದಷ್ಟು ಮಾಡಿ ಪಿನ್ನು ಹಾಕಿದೆ.

ಮಂಜು ಇನ್ನೂ ಕರಗಿರಲಿಲ್ಲ. ಹೊರಡಿ ಅಂದ ಕೂಡಲೇ ಎಲ್ಲರೂ ಮದುವೆ ಮನೆಯ ಮೊದಲ ಪಂಕ್ತಿಗೆ ನುಗ್ಗುವ ಹಾಗೆ ನುಗ್ಗಿದರು. ನಾನೂ ನುಗ್ಗಿದೆ. ನಾಲ್ಕರ ಮಗ್ಗಿಗೇ ಉಸಿರು ಕಟ್ಟಿತು. ಬಿಳಿ ಪೈಜಾಮದ ಹಿರಿಯರೊಬ್ಬರು ಸದ್ದಿಲ್ಲದೆ ನನ್ನನ್ನು ದಾಟಿದರು. ಆಮೇಲೆ ಶಾಲೆ ಮಕ್ಕಳು. ನಾಚಿಕೆ ಬಿಟ್ಟು ಸ್ವಲ್ಪ ನಡೆದೆ, ಮತ್ತೆ ಒಂದರಿಂದ ಶುರು ಮಾಡಿದೆ. ಹದಿಮೂರೇಳ್ಲ ತೊಂಬತ್ತೊಂದು ಅನ್ನುವಾಗ ಕೊನೆಯ ಗೆರೆ ಬಂತು. ಕೊರಳಿಗೆ ಪದಕ, ಕೈಗೆ ಬಾಳೆಹಣ್ಣು, ಪೇಪರ್ ತಟ್ಟೆಯಲ್ಲಿ ಉಪ್ಪಿಟ್ಟು.

ಸಂಜೆ ಮಗಳ ಫೋನ್. "ಅಮ್ಮಾ, ಲಿಸ್ಟಲ್ಲಿ ನಿನ್ನ ಟೈಮೇ ಇಲ್ಲ. ಓಡಿದ್ಯಾ ನಿಜವಾಗ್ಲೂ?" ಚೀಟಿ ಮಡಿಸಬಾರದಿತ್ತಂತೆ. ಮಡಿಕೆ ಬಿದ್ದರೆ ಚಿಪ್ಪು ಹಾಳಾಗುತ್ತದಂತೆ. ಅಲ್ಲಿಗೆ ನನ್ನ ಮೊದಲ ಓಟ ಕಾರಣವೂ ಇಲ್ಲದ, ದಾಖಲೆಯೂ ಇಲ್ಲದ ಓಟವಾಯಿತು. ಮಗಳು ಸಮಾಧಾನಕ್ಕೆ ಫೌಜಾ ಸಿಂಗ್ ಎಂಬ ಅಜ್ಜನ ಕಥೆ ಹೇಳಿದಳು. 89ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದವರು. 2011ರಲ್ಲಿ, 100 ವರ್ಷದವರಾಗಿ, ಟೊರಾಂಟೊದಲ್ಲಿ 42.195 ಕಿಲೋಮೀಟರನ್ನು ಎಂಟು ಗಂಟೆಗೂ ಜಾಸ್ತಿ ಹೊತ್ತು ಓಡಿ ಮುಗಿಸಿದರು. ಹುಟ್ಟಿದ ದಿನದ ಸರ್ಟಿಫಿಕೇಟ್ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಕೊಡಲಿಲ್ಲ. ಅವರದ್ದು ಕಾಗದ ಇಲ್ಲದ ಕಷ್ಟ, ನನ್ನದು ಕಾಗದ ಮಡಿಸಿದ ಕಷ್ಟ.

ಪದಕ ಈಗ ಬೀಗದಕೈ ಮೊಳೆಯಲ್ಲಿ ನೇತಾಡುತ್ತಿದೆ. ಟೀ ಶರ್ಟು ಯಜಮಾನರಿಗೆ ಸರಿಯಾಗಿದೆ. ಎದುರುಮನೆ ಅಜ್ಜಿಗೆ ಪ್ರಸಾದದ ಹಾಗೆ ಆ ಬಾಳೆಹಣ್ಣು ಕೊಟ್ಟೆ, ಕಣ್ಣಿಗೆ ಒತ್ತಿಕೊಂಡು ತಿಂದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಶೂ ಕಟ್ಟಿ ಗೇಟು ತೆಗೆದೆ. ಅಜ್ಜಿ ರಂಗೋಲಿ ಬಿಡುತ್ತಿದ್ದವರು ತಲೆಯೆತ್ತಿ, "ಹರಕೆ ತೀರಿತಲ್ಲಮ್ಮ, ಮತ್ತೆ ಎಂತಕ್ಕೆ?" ಅಂತ ಕೂಗಿದರು. ನಾನು ಆಗಲೇ ಎರಡೊಂದ್ಲ ಎರಡು ಶುರು ಮಾಡಿಬಿಟ್ಟಿದ್ದೆ.