ನಮ್ಮ ಬೀದಿಯಲ್ಲಿ ಶೂಟಿಂಗ್

"ನಮ್ಮ ಬೀದಿಯಲ್ಲಿ ಶೂಟಿಂಗ್ ಇದೆ, ಇವತ್ತು ಮನೆಯಿಂದಲೇ ಕೆಲಸ ಮಾಡುತ್ತೇನೆ" ಅಂತ ಆಫೀಸಿನ ಗ್ರೂಪಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. ನನ್ನ ಪಕ್ಕದ ಸೀಟಿನಲ್ಲಿ ಕೂರುವ ಅಮೆರಿಕದ ಹೆಂಗಸು. ಹುಷಾರಾಗಿದ್ದೀಯಾ, ಮಗಳು ಎಲ್ಲಿದ್ದಾಳೆ, ಕಿಟಕಿ ಹತ್ತಿರ ಹೋಗಬೇಡ ಅಂತ ಒಂದೇ ಉಸಿರಿನಲ್ಲಿ ಹೇಳಿದಳು. ದನಿ ನಡುಗುತ್ತಿತ್ತು. ಸಿನಿಮಾ ಶೂಟಿಂಗ್ ಅಂತ ನಾನು ಬಿಡಿಸಿ ಹೇಳಿದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ದಯವಿಟ್ಟು ಇನ್ನೊಂದು ಸಲ ಹಾಗೆ ಬರೆಯಬೇಡ ಅಂತ ಕೇಳಿಕೊಂಡಳು.

ಆ ಮಾತು ಇನ್ನೂ ಚುಚ್ಚುತ್ತಿದೆ. ಲಾಸ್ ಏಂಜಲೀಸ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಆದರೂ ನನ್ನ ತಲೆಯಲ್ಲಿ ಶೂಟಿಂಗ್ ಅಂದರೆ ಮೈಸೂರಿನ ಶೂಟಿಂಗೇ. ಬಂದೂಕಿನ ವಿಷಯಕ್ಕೆ ನಾವು ಗುಂಡು ಹಾರಿಸಿದರು ಅಂತೀವಿ. ಶೂಟಿಂಗ್ ಅಂದರೆ ಜನರೇಟರ್ ಗಾಡಿ, ಲೈಟು, ಥರ್ಮಕೋಲ್ ಹಿಡಿದು ಬಿಸಿಲಲ್ಲಿ ನಿಂತ ಹುಡುಗರು, ಸ್ಟೀಲ್ ಲೋಟದಲ್ಲಿ ಟೀ, ಸುತ್ತ ಜನ. ಇಲ್ಲಿ ಫೋನಿಗೆ ಅದೇ ಪದ ಬಂದರೆ ಯಾವುದೋ ಸ್ಕೂಲು, ಯಾವುದೋ ಅಂಗಡಿ, ಎಷ್ಟು ಜನ ಸತ್ತರು ಅನ್ನೋ ಲೆಕ್ಕ.

ನಮ್ಮ ಮನೆ ಇರೋದು ಸ್ಯಾನ್ ಫರ್ನಾಂಡೋ ವ್ಯಾಲಿಯಲ್ಲಿ. ಈ ಊರಿನಲ್ಲಿ ರಸ್ತೆ ಮೇಲೆ ಶೂಟಿಂಗ್ ಮಾಡಬೇಕಾದರೆ ಫಿಲ್ಮ್‌ಎಲ್‌ಎ ಅನ್ನುವ ಸಂಸ್ಥೆಯಿಂದ ಪರ್ಮಿಟ್ ತೆಗೆದುಕೊಳ್ಳಬೇಕು. ಅಕ್ಕಪಕ್ಕದ ಮನೆಗಳಿಗೆ ಮೊದಲೇ ತಿಳಿಸಬೇಕು. ಬೆಳಿಗ್ಗೆ 7ಕ್ಕೆ ಮುಂಚೆ ಅಥವಾ ರಾತ್ರಿ 10ರ ನಂತರ ಕೆಲಸ ಇದ್ದರೆ ಮನೆ ಮನೆಗೆ ಬಂದು ಸಹಿ ಕೇಳುತ್ತಾರೆ. ನಮ್ಮ ಬಾಗಿಲಿಗೂ ಒಂದು ಚೀಟಿ ಸಿಕ್ಕಿಸಿದ್ದರು. ಯಾವ ದಿನ, ಎಷ್ಟು ಹೊತ್ತು, ಯಾವ ಪಕ್ಕದಲ್ಲಿ ಕಾರು ನಿಲ್ಲಿಸುವಂತಿಲ್ಲ, ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲಾ ಇತ್ತು. ಕೆಳಗೆ ಒಂದು ಸಾಲು: ಮಧ್ಯಾಹ್ನದ ಮೇಲೆ ಗುಂಡಿನ ಶಬ್ದ ಕೇಳಿಸುತ್ತದೆ, ಅದು ಸಿನಿಮಾದ್ದು.

ಚೀಟಿ ನೋಡಿ ಮೊದಲು ಖುಷಿಯೇ ಆಯಿತು. ಎಷ್ಟು ಅಚ್ಚುಕಟ್ಟು ಅಲ್ವಾ ಅನ್ನಿಸಿತು. ಬೆಳಿಗ್ಗೆ ಮೂಲೆಯಲ್ಲಿ ಹಳದಿ ಬೋರ್ಡ್ ನೆಟ್ಟರು. ಸಿನಿಮಾದವರಿಗೆ ಸೆಟ್ಟಿನ ದಾರಿ ತೋರಿಸುವ ಈ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿನಿಮಾದ ಹೆಸರಿನ ಬದಲು ಒಂದು ಗುಟ್ಟಿನ ಹೆಸರು ಎರಡು ಸಲ ಇರುತ್ತದೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಬೋರ್ಡನ್ನು ತಿರುಗಿಸಿ ನೆಟ್ಟರೆ ಬಾಣ ಇನ್ನೊಂದು ದಿಕ್ಕಿಗೆ ತೋರಿಸುತ್ತದೆ, ಹೆಸರು ಆಗಲೂ ಓದಲು ಬರುತ್ತದೆ. ಬೈಕಿನ ಮೇಲೆ ಒಬ್ಬರು ನಿವೃತ್ತ ಪೊಲೀಸ್ ಬಂದು ನಿಂತರು. ನೋಡೋಣ ಅಂತ ಮಗಳ ಕೈ ಹಿಡಿದು ಹೋದೆ. ಇಲ್ಲಿ ನಿಲ್ಲಬೇಡಿ ಅಂತ ಮರ್ಯಾದೆಯಿಂದಲೇ ಹೇಳಿದರು. ಬೀದಿಯಲ್ಲಿ ನಿಂತು ನೋಡಲು ಬಂದವರು ನಾವಿಬ್ಬರೇ. ಉಳಿದವರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದರು.

ಮೈಸೂರಿನಲ್ಲಿ ಹೀಗಾಗುತ್ತಾ? ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಾಮುಂಡಿ ಬೆಟ್ಟದ ಮೆಟ್ಟಿಲ ಹತ್ತಿರ ಒಂದು ಫೈಟ್ ತೆಗೆಯುತ್ತಿದ್ದರು. ಯಾರೂ ಚೀಟಿ ಕೊಟ್ಟಿರಲಿಲ್ಲ, ಆದರೂ ಹತ್ತು ಗಂಟೆಗೆ ಇಡೀ ಕೇರಿ ಅಲ್ಲಿತ್ತು. ಕಡಲೆಕಾಯಿ ಮಾರುವವನೂ ಬಂದಿದ್ದ. ಹೀರೋ ಪಿಸ್ತೂಲು ಹಿಡಿದು ಕೈ ಜಾಡಿಸಿದರೆ ಶಬ್ದವೇ ಬರಲಿಲ್ಲ. ಪಕ್ಕದಲ್ಲಿ ನಿಂತವರು ಯಾರೋ "ಹ್ಞೂಂ, ಬೀಳು" ಅಂತ ಕೂಗಿದರು, ವಿಲನ್ ಕಡೆಯವನು ದೊಪ್ಪನೆ ಬಿದ್ದ. ಬಿದ್ದವನು ಎದ್ದು ಮಂಡಿ ಒರೆಸಿಕೊಂಡು ನಮ್ಮ ಹತ್ತಿರ ಬಂದು ಕಡಲೆಕಾಯಿ ಕೇಳಿದ. ಶಬ್ದ ಆಮೇಲೆ ಸೇರಿಸುತ್ತಾರೆ ಅಂತ ಅವನೇ ಹೇಳಿಕೊಟ್ಟಿದ್ದು. ಆ ವಯಸ್ಸಿಗೆ ನನಗೆ ಗೊತ್ತಿದ್ದ ಗುಂಡಿನ ಸದ್ದು ಅಂದರೆ ದೀಪಾವಳಿಯ ರೀಲ್ ಪಟಾಕಿ ಪಿಸ್ತೂಲಿನದು. ಇನ್ನೂ ದೊಡ್ಡದು ಅಂದರೆ ಜಂಬೂಸವಾರಿ ದಿನದ ಕುಶಾಲತೋಪು, 21 ಸುತ್ತು. ಅದಕ್ಕೆ ಮುಂಚೆ ಆನೆ ಕುದುರೆಗಳಿಗೆ ತೋಪಿನ ತಾಲೀಮು ಮಾಡಿಸುತ್ತಾರಲ್ಲ, ಅದನ್ನು ನೋಡಲು ಅಪ್ಪ ಪ್ರತಿ ವರ್ಷ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಸದ್ದಿಗೆ ಹೊಸ ಆನೆ ಹಿಂದೆ ಸರಿಯುತ್ತದೆ, ಮಾವುತ ಕಿವಿಯ ಹಿಂದೆ ತಟ್ಟಿ ಏನೋ ಹೇಳುತ್ತಾನೆ. ದಿನ ಕಳೆದ ಹಾಗೆ ಅದು ಅಲ್ಲಾಡದೆ ನಿಲ್ಲುತ್ತದೆ.

ಆ ದಿನ ಮಧ್ಯಾಹ್ನ ಮಗಳು ಸ್ಕೂಲಿಂದ ಬಂದು ಚಿತ್ರಾನ್ನ ತಿನ್ನುತ್ತಿದ್ದಳು. ಏಳು ವರ್ಷ. ಇವತ್ತು ಸದ್ದಾಗುತ್ತೆ ಪುಟ್ಟಿ, ಸಿನಿಮಾದ್ದು, ಅಂತ ಎರಡು ಸಲ ಹೇಳಿದ್ದೆ. ಹೊರಗೆ ಯಾರೋ ಎಚ್ಚರಿಕೆಯ ಕೂಗು ಹಾಕಿದರು. ಆಮೇಲೆ ಢಂ, ಢಂ, ಢಂ. ಮೈಸೂರಿನ ಹಾಗೆ ಆಮೇಲೆ ಸೇರಿಸಿದ ಸದ್ದಲ್ಲ. ಗುಂಡಿಲ್ಲದ ತೋಟೆ, ಆದರೆ ಮದ್ದು ನಿಜವಾದದ್ದು. ಕಿಟಕಿ ಗಾಜು ಅದುರಿತು. ನಾನು ಎದ್ದು ಕಿಟಕಿ ಕಡೆ ಹೊರಟೆ. ಅವಳು ಓಡಿಹೋಗಿ ಲೈಟ್ ಆರಿಸಿದಳು, ಬಾಗಿಲಿನ ಚಿಲಕ ನೋಡಿದಳು, ಮೇಜಿನ ಕೆಳಗೆ ನುಗ್ಗಿ ನನ್ನ ಪ್ಯಾಂಟು ಹಿಡಿದು ಎಳೆದಳು. ತುಟಿಯ ಮೇಲೆ ಬೆರಳಿಟ್ಟಿದ್ದಳು. ಕೈಯಲ್ಲಿ ಚಿತ್ರಾನ್ನದ ಅಗುಳು ಹಾಗೇ ಅಂಟಿತ್ತು. ಸಿನಿಮಾ ಕಣೇ ಅಂದೆ. "ಗೊತ್ತು ಅಪ್ಪ. ಆದ್ರೂ ಮಾತಾಡಬಾರದು" ಅಂತ ಪಿಸುಗುಟ್ಟಿದಳು. ಬಂದೂಕು ಹಿಡಿದವನು ಯಾರಾದರೂ ನುಗ್ಗಿದರೆ ಏನು ಮಾಡಬೇಕು ಅಂತ ಸ್ಕೂಲಿನಲ್ಲಿ ಮಾಡಿಸುವ ತಾಲೀಮು. ನಮ್ಮೂರಲ್ಲಿ ಆನೆಗೆ ಹೆದರಬೇಡ ಅಂತ ಕಲಿಸುತ್ತಾರೆ, ಇಲ್ಲಿ ಮಕ್ಕಳಿಗೆ ಸರಿಯಾಗಿ ಹೆದರುವುದನ್ನು ಕಲಿಸುತ್ತಾರೆ. ಮೇಜಿನ ಕೆಳಗೆ ಅವಳ ಪಕ್ಕ ಕೂತು ನನಗೆ ಅಳು ಬಂತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ನಮ್ಮ ಬೀದಿಯಲ್ಲಿ ಶೂಟಿಂಗ್ ಇತ್ತಮ್ಮ ಅಂದೆ. "ಹೌದೇನೋ! ಹೀರೋ ಯಾರು? ಮಾತಾಡಿಸಿದ್ಯಾ? ಮಗೂನ ಕರ್ಕೊಂಡು ಹೋಗಿದ್ಯಾ?" ಅಂತ ಕೇಳಿದರು. ಮೇಜಿನ ಕೆಳಗೆ ಕೂತಿದ್ದನ್ನು ಹೇಳಲು ಬಾಯಿ ಬರಲಿಲ್ಲ.

ನಮ್ಮ ಸಿನಿಮಾಗಳಲ್ಲಿ ಹೊಡೆದಾಟ ಕಮ್ಮಿ ಏನಿಲ್ಲ, ಅದು ಗೊತ್ತು. ಮಚ್ಚು, ಲಾಂಗು ಬೀಸಿ ಬೀಸಿ ಸಾಕಾಗಿ ಈಗ ಮೆಷಿನ್ ಗನ್ನಿಗೂ ಬಂದಿದ್ದೇವೆ. 2022ರಲ್ಲಿ ಕೆಜಿಎಫ್ ಎರಡನೇ ಭಾಗ ಬಂದಾಗ ಇಲ್ಲಿನ ಕನ್ನಡದವರೆಲ್ಲ ಸೇರಿ ಹೋಗಿದ್ದೆವು. ಪೊಲೀಸ್ ಸ್ಟೇಷನ್ ಮೇಲೆ ಗುಂಡಿನ ಮಳೆ ಸುರಿಯುವಾಗ ಸೀಟಿನ ಮೇಲೆ ಹತ್ತಿ ಶಿಳ್ಳೆ ಹೊಡೆದೆವು. ಅದೇ ಸಾಲಿನಲ್ಲಿ ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮಗನೊಬ್ಬ ಕೂತಿದ್ದ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ನೋಡಿಕೊಂಡೇ ಅವನು ಕೂರುವುದು. 2012ರಲ್ಲಿ ಕೊಲೊರಾಡೋದ ಅರೋರಾದಲ್ಲಿ ಸಿನಿಮಾ ನೋಡುತ್ತಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದ. ಸಿನಿಮಾದ ಭಾಗವೇ ಇರಬೇಕು ಅಂತ ಮೊದಲು ಅಂದುಕೊಂಡವರೂ ಇದ್ದರು. ನಮ್ಮ ಶಿಳ್ಳೆ ಆ ಹುಡುಗನಿಗೆ ಹೇಗೆ ಕೇಳಿಸಿತೋ.

ಹಾಗಾಗಿ ನನಗೆ ಚೀಟಿಗಿಂತ ಕಡಲೆಕಾಯಿಯೇ ಇಷ್ಟ. ಬಂದೂಕು ಊರ ತುಂಬಾ ಇರುವ ದೇಶಕ್ಕೆ ಆ ಚೀಟಿ ಬೇಕು, ನಮಗೆ ಬೇಕಾಗಿರಲಿಲ್ಲ ಅಂತ ಹೇಳಿ ಮುಗಿಸಬೇಕು ಅಂತಲೇ ಕೂತೆ. ಇಷ್ಟೆಲ್ಲಾ ಕಾಗದ, ಕಾವಲು, ನಿಯಮ ಇದ್ದೂ 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ರಸ್ಟ್ ಅನ್ನುವ ಸಿನಿಮಾದ ಸೆಟ್ಟಿನಲ್ಲಿ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು.

ಆದರೆ ಮೈಸೂರಿನವನಾಗಿ ಪ್ರೀಮಿಯರ್ ಸ್ಟುಡಿಯೋ ಮರೆತು ಬರೆದರೆ ತಪ್ಪಾಗುತ್ತದೆ. 1989ರ ಫೆಬ್ರವರಿ 8. ಟಿಪ್ಪು ಸುಲ್ತಾನ್ ಧಾರಾವಾಹಿಯ ಶೂಟಿಂಗ್‌ನಲ್ಲಿ ಬೆಂಕಿ ಬಿತ್ತು, 62 ಜನ ಹೋದರು. ಗೋಡೆಗೆ ಗೋಣಿಚೀಲ ಹೊಡೆದಿದ್ದರು, ಗಾಳಿ ಆಡಲು ಜಾಗ ಇರಲಿಲ್ಲ. ಅಪ್ಪ ಆಮೇಲೆ ಹುಣಸೂರು ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗಲೆಲ್ಲ ಆ ಗೇಟಿನ ಹತ್ತಿರ ಮಾತು ನಿಲ್ಲಿಸುತ್ತಿದ್ದರು. ಅದರಿಂದ ಏನು ಕಲಿತೆವು? 2016ರ ನವೆಂಬರ್‌ನಲ್ಲಿ ಮಾಸ್ತಿಗುಡಿ ಸಿನಿಮಾದ ಶೂಟಿಂಗ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ನಟರು ಅನಿಲ್, ಉದಯ್ ಮೇಲೆ ಬರಲೇ ಇಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ವಿಡಿಯೋ ಇಲ್ಲಿ ಕೂತು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಎಚ್ಚರಿಕೆಯ ಕೂಗು ಹಾಕುವವನು ಒಬ್ಬ, ಬೇಡ ಅನ್ನುವ ಅಧಿಕಾರ ಇರುವವನು ಒಬ್ಬ ಅಲ್ಲಿ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಚೀಟಿಯನ್ನು ಎಸೆದಿಲ್ಲ, ಫ್ರಿಜ್ ಮೇಲೆ ಅಂಟಿಸಿದ್ದೇನೆ. ಮುಂದಿನ ದಸರಾಕ್ಕೆ ಟಿಕೆಟ್ ತೆಗೆದಾಯಿತು, ಜಂಬೂಸವಾರಿಗೆ ಎರಡು ವಾರ ಮುಂಚೆಯೇ ಹೋಗುತ್ತೇವೆ. ತೋಪಿನ ತಾಲೀಮಿಗೆ ಅಪ್ಪ ನನ್ನನ್ನು ನಿಲ್ಲಿಸುತ್ತಿದ್ದಷ್ಟು ಹತ್ತಿರ ಬೇಡ, ಸ್ವಲ್ಪ ದೂರದಲ್ಲಿ ಮಗಳನ್ನು ನಿಲ್ಲಿಸಿಕೊಳ್ಳಬೇಕು ಅಂತಿದ್ದೇನೆ. ಮೊದಲ ಸದ್ದಿಗೆ ಅವಳು ಆನೆ ಕಡೆ ನೋಡುತ್ತಾಳೋ, ಕೂರಲು ಮರೆ ಹುಡುಕುತ್ತಾಳೋ.