ನಾಲ್ಕು ಕೊಂಬಿದ್ದರೂ ನಾಲ್ಕು ಕಾಸಿಲ್ಲ

ವನ್ಯಜೀವಿ ಸಂರಕ್ಷಣೆಯ ಹೆಸರಿನಲ್ಲಿ ಕೈಯೊಡ್ಡುವ ಸಂಸ್ಥೆಗಳ ಪೈಕಿ ಯಾವುದಕ್ಕೆ ಸಾರ್ವಜನಿಕರ ಹಣ ಸಲ್ಲಬೇಕು ಎಂಬುದು ಬಹಳ ಜಟಿಲವಾದ ಪ್ರಶ್ನೆಯೆಂದು ತಿಳಿದವರು ತಲೆ ಕೆಡಿಸಿಕೊಳ್ಳುತ್ತಾರೆ. ಈ ಪ್ರಶ್ನೆಯನ್ನು ದಾವಣಗೆರೆಯ ಆಯ್ಕೆ ಸಮಿತಿಯೊಂದರ ಮುಂದೆ ಇಟ್ಟರೆ ಮಂಡಕ್ಕಿ, ಮೆಣಸಿನಕಾಯಿಯ ತಟ್ಟೆ ಖಾಲಿಯಾಗುವುದರೊಳಗೆ ಇತ್ಯರ್ಥವಾಗುತ್ತದೆ. ಒಬ್ಬ ಉದ್ಯಮಿ, ಒಬ್ಬ ನಿವೃತ್ತ ಅಧಿಕಾರಿ, ಒಬ್ಬ ಲೆಕ್ಕಪರಿಶೋಧಕರು, ಒಬ್ಬ ಪ್ರಾಣಿಶಾಸ್ತ್ರದ ಉಪನ್ಯಾಸಕಿ, ಜೊತೆಗೆ ಯಾವ ಸಮಿತಿಯೂ ಬಿಟ್ಟುಕೊಡಲಾಗದ ಒಬ್ಬ ಸಮಾಜಸೇವಕರು ಇರುವ ಅಂಥ ಸಮಿತಿಯನ್ನು ಕಲ್ಪಿಸಿಕೊಳ್ಳೋಣ. ನಮ್ಮ ಜಿಲ್ಲೆಯವರಿಗೆ ಇದಕ್ಕೆ ಹೆಚ್ಚಿನ ಕಲ್ಪನಾಶಕ್ತಿ ಬೇಕಾಗದು.

ಸಮಿತಿಯ ಮುಂದಿರುವುದು ಕಂಪನಿಗಳ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಅದರ ಏಳನೇ ಅನುಸೂಚಿಯಲ್ಲಿ ಸಸ್ಯ ಹಾಗೂ ಪ್ರಾಣಿ ಸಂಕುಲದ ರಕ್ಷಣೆಗೂ ಜಾಗವಿದೆ. ಆದರೆ ಯಾವ ಪ್ರಾಣಿ ಎಂಬುದನ್ನು ಕಾಯ್ದೆ ಬರೆದವರು ಮರೆತಿದ್ದಾರೆ. ಆ ಕೊರತೆಯನ್ನು ಸಮಿತಿಯೇ ತುಂಬಿಕೊಂಡಿದೆ: ಫ್ಲೆಕ್ಸಿನ ಮೇಲೆ ಚೆನ್ನಾಗಿ ಕಾಣುವ ಪ್ರಾಣಿ.

ಆದ್ದರಿಂದ ಮೊದಲ ಅರ್ಜಿಯ ಮುಖಪುಟದಲ್ಲಿ ಗರ್ಜಿಸುತ್ತಿದ್ದ ಹುಲಿಯನ್ನು ಕಂಡೊಡನೆ ಸಭೆ ಮೆತ್ತಗಾಯಿತು. ಈ ಸಂಸ್ಥೆ ಕೆಲಸ ಮಾಡುವುದು ಜಗಳೂರು ತಾಲ್ಲೂಕಿನಲ್ಲಿ, ಅಲ್ಲಿ ಹುಲಿಗಳಿಲ್ಲವಲ್ಲ ಎಂದು ಉಪನ್ಯಾಸಕಿ ಮೆಲ್ಲಗೆ ಕೇಳಿದರು. ಇಲ್ಲದಿರುವುದರಿಂದಲೇ ಸಂರಕ್ಷಣೆ ತುರ್ತಾಗಿದೆ ಎಂದು ಸಮಾಜಸೇವಕರು ಉತ್ತರಿಸಿದರು. ತರ್ಕಶಾಸ್ತ್ರದ ಯಾವ ಪುಸ್ತಕವೂ ಈ ಉತ್ತರಕ್ಕೆ ಎದುರು ನಿಲ್ಲಲಾರದು.

ಎರಡನೆಯ ಅರ್ಜಿ ಬಂದದ್ದು ಕೊಂಡುಕುರಿಯ ಪರವಾಗಿ. ಅದೇ ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಸರ್ಕಾರ ವನ್ಯಧಾಮವೆಂದು ಘೋಷಿಸಿದ್ದು ಈ ಪ್ರಾಣಿಗಾಗಿಯೇ. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇದರ ಸಂತತಿ ಕಾಡಿನಲ್ಲಿಲ್ಲ, ಕಾಡಿನ ಹುಲ್ಲೆಗಳಲ್ಲಿ ನಾಲ್ಕು ಕೊಂಬು ಇರುವುದೂ ಇದಕ್ಕೊಂದಕ್ಕೇ. ಅಧಿಕಾರಸ್ಥರನ್ನು ಕಂಡು ಇವರಿಗೇನು ಎರಡು ಕೊಂಬಿದೆಯೇ ಎಂದು ಗೊಣಗುವ ನಾವು, ನಿಜವಾಗಿಯೂ ನಾಲ್ಕು ಕೊಂಬು ಹೊತ್ತ ಜೀವಿಯೊಂದು ನೆರೆಯಲ್ಲೇ ಇರುವುದನ್ನು ಗಮನಿಸಿಲ್ಲ. ತಪ್ಪು ಅದರದ್ದೇ ಎನ್ನಬೇಕು: ಅದು ನಾಚಿಕೆಯ ಪ್ರಾಣಿ, ಹೆಚ್ಚಾಗಿ ಒಂಟಿ, ಸದ್ದಾದರೆ ಪೊದೆಯೊಳಗೆ ಅವಿತುಕೊಳ್ಳುತ್ತದೆ. ಪ್ರಚಾರಕ್ಕೆ ಇಷ್ಟು ಅಸಹಕಾರ ತೋರುವ ಫಲಾನುಭವಿಗೆ ಅನುದಾನ ಕೊಡುವುದು ಹೇಗೆ?

ಅರ್ಜಿಯ ಲೆಕ್ಕಪತ್ರವಂತೂ ಇನ್ನೂ ಆಘಾತಕಾರಿಯಾಗಿತ್ತು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಹಳ್ಳಿಯ ಹುಡುಗರ ಕೂಲಿ, ನೀರಿನ ತೊಟ್ಟಿ ತುಂಬಿಸುವ ಟ್ಯಾಂಕರಿನ ಬಾಡಿಗೆ, ಉರುಳು ಹುಡುಕುತ್ತ ತಿರುಗುವ ಜೀಪಿನ ಡೀಸೆಲ್. ಪುಟದ ತುಂಬ ಇವೇ. ಲೆಕ್ಕಪರಿಶೋಧಕರು ಕನ್ನಡಕ ಸರಿಪಡಿಸಿಕೊಂಡು, ಇದೆಲ್ಲ ಆಡಳಿತ ವೆಚ್ಚ, ಪ್ರಾಣಿಗೆಂದು ನೇರವಾಗಿ ಒಂದು ರೂಪಾಯಿಯೂ ಹೋಗಿಲ್ಲ ಎಂದು ಷರಾ ಬರೆದರು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ಆಡಳಿತ ವೆಚ್ಚದ ಮಿತಿಯನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿದ ಮೇಲೆ, ಯಾವ ದೇಣಿಗೆಯಾದರೂ ಸರಿ, ಸಂಬಳ ಎಂಬ ಪದ ಕಂಡರೆ ಸಮಿತಿಗೆ ಮೈ ಉರಿಯುತ್ತದೆ. ಕಾವಲಿನವನಿಗೆ ಕೂಲಿ ಕೊಡದೆ ಕಾಡನ್ನು ಕಾಯಿಸುವ ವಿದ್ಯೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಹುಲಿಯ ಸಂಸ್ಥೆಯ ಲೆಕ್ಕ ಇದಕ್ಕೆ ವ್ಯತಿರಿಕ್ತವಾಗಿ ಅಚ್ಚುಕಟ್ಟಾಗಿತ್ತು. ಶಾಲು, ಹಾರ, ಫ್ಲೆಕ್ಸ್, ಡ್ರೋನ್ ಚಿತ್ರೀಕರಣ, ಊಟ ಎಲ್ಲವೂ ಜನಜಾಗೃತಿ ಎಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿದ್ದು, ಆಡಳಿತ ವೆಚ್ಚದ ಕಾಲಂನಲ್ಲಿ ದುಂಡಗಿನ ಸೊನ್ನೆಯಿತ್ತು.

ಜೊತೆಗೆ ಅವರ ಬಳಿ 80ಜಿ ಪ್ರಮಾಣಪತ್ರವಿತ್ತು, ಅದೂ ಚೌಕಟ್ಟು ಹಾಕಿಸಿದ್ದು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ, ಇಷ್ಟನ್ನು ಮಾತ್ರ ಹೇಳುವ ಆ ಕಾಗದವನ್ನು ಸಮಿತಿ ಸದ್ಗುಣದ ಪ್ರಮಾಣಪತ್ರವೆಂದೇ ಓದಿಕೊಂಡಿತು. ಎರಡನೆಯ ಸಂಸ್ಥೆಗೂ ಅದೇ ಪ್ರಮಾಣಪತ್ರವಿತ್ತು, ಚೌಕಟ್ಟಿರಲಿಲ್ಲ.

ಮೂರನೆಯ ಅರ್ಜಿದಾರರು ಚಿತ್ರದುರ್ಗದ ಕಡೆಯ ಬಯಲಿನಲ್ಲಿ ಸಾವಿರಾರು ಸಸಿ ನೆಡುವವರು. ತೋಳ, ನರಿ, ಕೃಷ್ಣಮೃಗಗಳಂಥವಕ್ಕೆ ಬೇಕಾದದ್ದು ತೆರೆದ ಹುಲ್ಲುಗಾವಲು, ಅಲ್ಲಿ ಗುಂಡಿ ತೋಡಿ ಮರ ಬೆಳೆಸುವುದೆಂದರೆ ಅವುಗಳ ಮನೆ ಕಿತ್ತು ಅವಕ್ಕೇ ಮನೆ ಕಟ್ಟಿಕೊಟ್ಟಂತೆ ಎಂದು ಉಪನ್ಯಾಸಕಿ ವಿವರಿಸಿದರು. ಸಸಿಗಳ ಲೆಕ್ಕ ನೆಟ್ಟ ದಿನದ್ದೋ, ಮೂರು ಬೇಸಿಗೆ ಕಳೆದು ಉಳಿದದ್ದೋ ಎಂದೂ ವಿಚಾರಿಸಿದರು. ನೆಟ್ಟ ದಿನದ್ದೇ ಎಂದು ತಿಳಿದು ಸಮಿತಿಗೆ ಸಮಾಧಾನವಾಯಿತು, ಏಕೆಂದರೆ ಆ ದಿನ ಎಲ್ಲ ಸಸಿಗಳೂ ಜೀವಂತವಾಗಿರುತ್ತವೆ. ಕಳೆದ ಸಲ ಕೊಟ್ಟ ಹಣದಿಂದ ಯಾವ ಪ್ರಾಣಿಗೆ ಏನಾಯಿತು ಎಂದು ಒಮ್ಮೆ ಹೋಗಿ ನೋಡಿ ಬರಬಾರದೇ ಎಂದು ಅವರು ಕೊನೆಗೆ ಕೇಳಿದ ಪ್ರಶ್ನೆಗೆ ಉದ್ಯಮಿಗಳು ನಿಜಕ್ಕೂ ಗಾಬರಿಯಾದರು. “ಹಂಗೆಲ್ಲ ಹೋಗಿ ನೋಡೋಕೆ ಶುರು ಮಾಡಿದ್ರೆ ಮುಂದಿನ್ವರ್ಷ ಅರ್ಜಿ ಯಾರ್ ಹಾಕ್ತಾರ್ರೀ ಮೇಡಂ?”

ಹುಲಿಗೆ ಸಿಂಹಪಾಲು, ಸಸಿಗಳಿಗೆ ಉಳಿದದ್ದರಲ್ಲಿ ಬಹುಪಾಲು ಎಂದು ನಿರ್ಣಯವಾಯಿತು. ಕೊಂಡುಕುರಿಯನ್ನು ಪೂರ್ತಿ ಕೈಬಿಟ್ಟರೆ ಜಿಲ್ಲೆಯ ಮರ್ಯಾದೆಯ ಪ್ರಶ್ನೆಯಾದೀತೆಂದು, ಕ್ಯಾಮೆರಾ ಕಡೆಗೆ ಮುಖ ಮಾಡಿ ನಾಲ್ಕೂ ಕೊಂಬು ಸ್ಪಷ್ಟವಾಗಿ ಕಾಣುವಂತೆ ನಿಂತ ಬಣ್ಣದ ಭಾವಚಿತ್ರವನ್ನು ಎಂಟು ದಿನಗಳೊಳಗೆ ಒದಗಿಸಿದರೆ ಸಣ್ಣ ಮೊತ್ತವೊಂದನ್ನು ಪರಿಶೀಲಿಸಬಹುದೆಂದು ಆ ಸಂಸ್ಥೆಗೆ ಪತ್ರ ಹೋಯಿತು. ಮುಂದಿನ ಜೋಡಿ ಕೊಂಬು ತೀರಾ ಚಿಕ್ಕದು, ಹೆಣ್ಣಿಗಂತೂ ಕೊಂಬೇ ಇರುವುದಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಉತ್ತರ ಬರೆದರು. ಫಲಾನುಭವಿಗಳಲ್ಲಿ ಅರ್ಧದಷ್ಟು ಮಂದಿ ಅರ್ಹತೆ ಹೊಂದಿಲ್ಲವೆಂದು ಟಿಪ್ಪಣಿ ಹಾಕಿ, ಇನ್ನೂ ಮಂಜೂರಾಗದ ಆ ಮೊತ್ತವನ್ನು ಸಮಿತಿ ಅರ್ಧಕ್ಕೆ ಇಳಿಸಿತು.