ಚಿಕ್ಕದಾದರೂ ಬಸವನಗುಡಿಯಲ್ಲೇ

ಅದೇ ದುಡ್ಡಿಗೆ ಊರಾಚೆ ಮೂರು ಬೆಡ್‌ರೂಮಿನ ಹೊಸ ಫ್ಲ್ಯಾಟ್ ಸಿಗುವಾಗ ಹಳೇ ಬಡಾವಣೆಯ ಎರಡು ಕೋಣೆಗೆ ಯಾಕೆ ಸುರಿಯಬೇಕು ಎಂದು ಬೆಂಗಳೂರಿನಲ್ಲಿ ಮನೆ ಕೊಳ್ಳುವ ಕುರಿತ ಲೇಖನವೊಂದರಲ್ಲಿ ಲೇಖಕರು ಕೇಳಿದ್ದಾರೆ. ನಾವು ಸುರಿದವರು. ಗಾಂಧಿ ಬಜಾರಿಗೆ ಐದು ನಿಮಿಷದ ನಡಿಗೆ, ಲಿಫ್ಟ್ ಇಲ್ಲದ ಹಳೇ ಕಟ್ಟಡ, ಮೊದಲ ಮಹಡಿ. ಎಪ್ಪತ್ತೆಂಟರ ನಮ್ಮಮ್ಮ ಈಗ ಸಂಜೆ ತಾವೇ ಹೋಗಿ ಸೊಪ್ಪು, ಹೂವು ತರುತ್ತಾರೆ. ಹಿಂದಿನ ಮನೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೂ ನಾನು ಕಾರು ತೆಗೆಯಲಿ ಎಂದು ಕಾಯುತ್ತಿದ್ದರು. ಚದರಡಿ ಲೆಕ್ಕದಲ್ಲಿ ಇದಕ್ಕೆ ಬೆಲೆ ಕಟ್ಟಲು ನನಗಂತೂ ಬರುವುದಿಲ್ಲ.

1898ರ ಪ್ಲೇಗಿನ ಹೊತ್ತಿನಲ್ಲಿ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಬರಲೆಂದು ರೂಪುಗೊಂಡ ಬಡಾವಣೆ ನಮ್ಮ ಬಸವನಗುಡಿ, ಮಲ್ಲೇಶ್ವರವೂ ಹಾಗೆಯೇ. ಅದಕ್ಕೇ ಅಂಗಡಿ, ಶಾಲೆ, ಗುಡಿ, ಮರದ ನೆರಳು ಎಲ್ಲ ಕಾಲಳತೆಯಲ್ಲಿವೆ. 2017ರಿಂದ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣವೂ ಇದೆ. 2024ರ ಬೇಸಿಗೆಯಲ್ಲಿ ಊರಂಚಿನ ಗೆಳೆಯರು ಟ್ಯಾಂಕರಿಗೆ ಕಾಯುತ್ತಿದ್ದಾಗ ನಮ್ಮ ನಲ್ಲಿಯಲ್ಲಿ ಕಾವೇರಿ ಬರುತ್ತಿತ್ತು (ದಿನ ಬಿಟ್ಟು ದಿನ, ಆದರೂ ಬರುತ್ತಿತ್ತು).

ಪಾರ್ಕಿಂಗ್ ಕಷ್ಟ, ನಿಜ. ಹಳೇ ಫ್ಲ್ಯಾಟ್ ನೋಡುತ್ತಿರುವವರು ಕ್ರಯಪತ್ರದಲ್ಲಿ ಕಟ್ಟಡ ನಿಂತಿರುವ ಜಾಗದಲ್ಲಿ ಆ ಫ್ಲ್ಯಾಟಿನ ಪಾಲು ಎಷ್ಟು ಬರೆದಿದೆ, ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ ಎಂದು ಮೊದಲು ನೋಡಿ. ಜೋರು ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ, ಗೋಡೆ ಮುಟ್ಟಿ ನೋಡಿ.